ಹೊಟ್ಟಿ ಬೈಪಾಸ್ ಆಗಿ 5 ವಾರ: ಉಂಡದ್ದು ವಾಂತಿ ಆಗಾಕತ್ತೈತಿ, ಊರಾಗ ಗ್ಲೂಕೋಸ್ ಹಚ್ಚಿಸಬಹುದಾ?

ಘಟಪ್ರಭಾ ದಂಡಿ (ಪ್ರಶ್ನೆ)

ಎಲ್ಲಾರಿಗೂ ನಮಸ್ಕಾರ. ನಮ್ಮ ಅಕ್ಕಗ (44 ವರ್ಷ) ಬೆಳಗಾವಿಯೊಳಗ ತೂಕ ಇಳಿಸೋ ಹೊಟ್ಟಿ ಬೈಪಾಸ್ (ಹೊಟ್ಟಿನ ಸಣ್ಣ ಚೀಲ ಮಾಡಿ ಕರುಳಿಗೆ ಹೊಲಿಯೋ ಆಪರೇಷನ್) ಆಗಿ 5 ವಾರ ಆತು. ಈಗ ಮುಧೋಳ ಹತ್ರ ಊರಾಗ ಮನ್ಯಾಗ ಅದಾಳ. ಆಪರೇಷನ್ ಮುಂಚೆ 112 ಕಿಲೋ ಇದ್ದಳು, ಈಗ 99. ಸಕ್ಕರಿ ಕಾಯಿಲೆ, ಥೈರಾಯ್ಡ್, ಬಿಪಿ, ಮೊಣಕಾಲು ನೋವು ನಾಕೂ ಅದಾವ.

ಮೊದಲ ನಾಕು ವಾರ ಬ್ಯಾಳಿ ಕಟ್ಟು, ಮಜ್ಜಿಗಿ, ಪ್ರೋಟೀನ್ ಪುಡಿ ಕಲಸಿದ ಹಾಲು ಎಲ್ಲಾ ಚಲೋ ಇಳೀತಿದ್ವು. ಮೆತ್ತನ ಊಟ ಶುರು ಮಾಡಿದ ಮ್ಯಾಲ, ಒಂದು ವಾರದಿಂದ, ದಿನಾ ಎರಡು ಮೂರು ಸಲ ವಾಂತಿ. ಮೊದಲು ರೊಟ್ಟಿ ಅಷ್ಟ ನಿಲ್ಲತಿದ್ದಿಲ್ಲ. ಈಗ ಹಿಸುಕಿದ ಅನ್ನ-ಬ್ಯಾಳಿನೂ ನಿಲ್ಲವಲ್ದು. ನೀರು, ಮಜ್ಜಿಗಿ ಗುಟುಕು ಗುಟುಕು ಕುಡದ್ರ ನಿಲ್ತೈತಿ. ಸುಸ್ತು ಭಾಳ ಐತಿ. ಜ್ವರ ಇಲ್ಲ, ಹೊಟ್ಟಿ ನೋವೂ ಇಲ್ಲ.

ಊರ ಡಾಕ್ಟ್ರು ಸುಸ್ತಿಗೆ ಎರಡು ಬಾಟ್ಲಿ ಗ್ಲೂಕೋಸ್ ಹಚ್ಚೂಣು ಅಂದಾರ. ಮೊಣಕಾಲಿಗೆ ಡೈಕ್ಲೋ ಸೂಜಿನೂ ಮಾಡ್ತೀನಿ ಅಂದಾರ. ಎರಡೂ ನಡೀತೈತೇನ್ರಿ? ಗುಳಿಗಿ ಬ್ಯಾರೆ ಒಂಬತ್ತು ನಮೂನಿ ಅದಾವ, ಯಾವುದರ ಜೋಡಿ ಯಾವುದು ತಗೋಬೇಕು ತಿಳಿವಲ್ದು. ರೊಟ್ಟಿ ಇಲ್ದ ಊಟ ಅಕ್ಕಗ ಊಟನ ಅಲ್ಲ. ಅದನ್ನ ಯಾವಾಗ, ಹೆಂಗ ಕೊಡೂದು? ಬ್ಯಾಸಿಗಿ ಬ್ಯಾರೆ ಬಂತು, ನೀರಿನ ಲೆಕ್ಕ ಎಷ್ಟು? ತಿಳದವರು ಬಿಡಿಸಿ ಹೇಳ್ರಿ.

---

ಮಲಪ್ರಭಾ (ಶಸ್ತ್ರಚಿಕಿತ್ಸಾ ವಾರ್ಡ್ ನರ್ಸ್, ಬೆಳಗಾವಿ)

ಘಟಪ್ರಭಾ ಅವರೇ, ಊಟದ ಮಾತು ಆಮೇಲೆ ಆಡೋಣ. ಮೊದಲು ಎರಡು ಕೆಲಸ ಇವತ್ತೇ ಆಗಬೇಕು.

ಒಂದು, ಬಿ1 ಕೊಡದೆ ಗ್ಲೂಕೋಸ್ ಹಚ್ಚಲು ಬಿಡಬೇಡಿ. ಬಿ1 ಅಂದರೆ ಥಯಾಮಿನ್. ಮೈಯಲ್ಲಿ ಅದರ ದಾಸ್ತಾನು ಇರುವುದೇ ಸುಮಾರು 30 ಮಿ.ಗ್ರಾಂ. ಹೊಸದಾಗಿ ಒಳಗೆ ಹೋಗದಿದ್ದರೆ ಎರಡು-ಮೂರು ವಾರದಲ್ಲಿ ತಳ ಕಾಣುತ್ತದೆ. ನಿಮ್ಮ ಅಕ್ಕ ಐದು ವಾರದಿಂದ ಅರೆಹೊಟ್ಟೆಯಲ್ಲಿದ್ದಾರೆ, ಅದರ ಮೇಲೆ ವಾರದ ವಾಂತಿ. ಗ್ಲೂಕೋಸನ್ನು ಶಕ್ತಿಯಾಗಿ ಮಾಡಿಕೊಳ್ಳಲು ಜೀವಕೋಶಕ್ಕೆ ಬಿ1 ಬೇಕೇ ಬೇಕು. ಖಾಲಿಯಾದ ಮೈಗೆ ಒಮ್ಮೆಲೇ ಗ್ಲೂಕೋಸ್ ಇಳಿಸಿದರೆ ಉಳಿದ ಅಷ್ಟಿಷ್ಟು ಬಿ1 ಅಲ್ಲೇ ಖರ್ಚಾಗಿ ಮಿದುಳಿಗೆ ಪೆಟ್ಟು ಬೀಳುತ್ತದೆ. ಇದನ್ನು ವರ್ನಿಕೆ ಎನ್ಸೆಫಲೋಪತಿ ಎನ್ನುತ್ತಾರೆ. ಒಂದು ವಸ್ತು ಎರಡಾಗಿ ಕಾಣುವುದು, ಕಣ್ಣುಗುಡ್ಡೆ ಅದುರುವುದು, ನಡೆಯುವಾಗ ಜೋಲಿ ಹೊಡೆಯುವುದು, ಮಾತು-ನೆನಪು ತಪ್ಪುವುದು ಇದರ ಲಕ್ಷಣ. ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ, ಒಂದೇ ಕಂಡರೂ ಸಾಕು. ತಡವಾದರೆ ಹೋದ ನೆನಪಿನ ಶಕ್ತಿ ಪೂರ್ತಿ ಮರಳುವುದಿಲ್ಲ.

ಬಾಟಲಿಯ ಚೀಟಿ ನೀವೇ ಓದಿ. ನಮ್ಮ ಕಡೆ ಎಲ್ಲಕ್ಕೂ ಸಲಾಯಿನ್ ಅಂತಲೇ ಕರೆಯುವ ರೂಢಿ, ಆದರೆ ಒಳಗಿನದು ಬೇರೆ ಬೇರೆ. ಡಿಎನ್‌ಎಸ್ ಅಂತ ಇದ್ದರೆ ಅದು ಉಪ್ಪುನೀರಿನ ಜೊತೆ ಗ್ಲೂಕೋಸ್ ಕೂಡ ಹೌದು, 500 ಮಿ.ಲೀ. ಬಾಟಲಿಯಲ್ಲಿ 25 ಗ್ರಾಂ. 5 ಪರ್ಸೆಂಟ್ ಡೆಕ್ಸ್ಟ್ರೋಸ್ ಎಂದಿದ್ದರೂ ಅಷ್ಟೇ. ನಿಮ್ಮ ಅಕ್ಕನಿಗೆ ಈಗ ಬೇಕಾದದ್ದು ಗ್ಲೂಕೋಸ್ ಇಲ್ಲದ, ಲವಣದ ನೀರಿನ ಬಾಟಲಿ: ಎನ್‌ಎಸ್ ಅಥವಾ ಆರ್‌ಎಲ್. ಮೊದಲು ಥಯಾಮಿನ್, ಆಮೇಲೆ ಬಾಟಲಿ. ಥಯಾಮಿನ್ ಡೋಸ್ ಡಾಕ್ಟರು ನಿರ್ಧರಿಸುತ್ತಾರೆ. ಕನಿಷ್ಠ 100 ಮಿ.ಗ್ರಾಂ, ವಾಂತಿ ಹೀಗೆ ದಿನಗಟ್ಟಲೆ ನಡೆದಿದ್ದರೆ 200 ಮಿ.ಗ್ರಾಂ ದಿನಕ್ಕೆ ಮೂರು ಸಲ ನರದ ಮೂಲಕ ಕೊಡುವುದುಂಟು. ಮೇಲೆ ಹೇಳಿದ ಕಣ್ಣಿನ, ನಡಿಗೆಯ ಲಕ್ಷಣ ಇದ್ದರೆ 500 ಮಿ.ಗ್ರಾಂ ದಿನಕ್ಕೆ ಮೂರು ಸಲ, ಅದೂ ದೊಡ್ಡಾಸ್ಪತ್ರೆಯಲ್ಲಿ. 100 ಮಿ.ಲೀ. ಎನ್‌ಎಸ್‌ನಲ್ಲಿ ಬೆರೆಸಿ ಅರ್ಧ ಗಂಟೆಯಲ್ಲಿ ಇಳಿಸುತ್ತಾರೆ. ಬಾಟಲಿಗೆ ಹಳದಿ ಬಿ-ಕಾಂಪ್ಲೆಕ್ಸ್ ಹಾಕಿದರೆ ಆಯಿತು ಎಂದುಕೊಳ್ಳಬೇಡಿ. ಅದರಲ್ಲಿ ಬಿ1 ಎಷ್ಟು ಮಿ.ಗ್ರಾಂ ಇದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಚೀಟಿ ನೋಡಿದ ಮೇಲೆಯೇ ಲೆಕ್ಕ. ವಾಂತಿಯಿಂದ ಪೊಟ್ಯಾಸಿಯಂ, ಮೆಗ್ನೀಸಿಯಂ ಕೂಡ ಇಳಿದಿರುತ್ತವೆ. ಮೆಗ್ನೀಸಿಯಂ ಕಡಿಮೆಯಿದ್ದರೆ ಕೊಟ್ಟ ಬಿ1 ಕೆಲಸ ಮಾಡುವುದಿಲ್ಲ, ಆದ್ದರಿಂದ ಎರಡನ್ನೂ ರಕ್ತದಲ್ಲಿ ನೋಡಿಸಿ.

ಇದಕ್ಕೆ ಒಂದೇ ವಿನಾಯಿತಿ. ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ ಎಂದಿದ್ದೀರಿ. ಗ್ಲುಕೋಮೀಟರ್‌ನಲ್ಲಿ 70ಕ್ಕಿಂತ ಕಡಿಮೆ ಬಂದು, ಬಾಯಿಂದ ಏನೂ ಇಳಿಯದಿದ್ದರೆ ಗ್ಲೂಕೋಸ್ ತಡೆಯಬಾರದು. ಆಗ ಬಿ1, ಗ್ಲೂಕೋಸ್ ಎರಡನ್ನೂ ಕೂಡೇ ಕೊಡಬೇಕು. ಹಾಗಾಗಿ ಬಾಟಲಿ ಹಚ್ಚುವ ಮುಂಚೆ ಬೆರಳು ಚುಚ್ಚಿ ನೋಡುವುದು ಬಿಡಬೇಡಿ.

ಎರಡನೆಯ ಕೆಲಸ: ಆಪರೇಷನ್ ಮಾಡಿದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ, ಎಂಡೋಸ್ಕೋಪಿ (ಬಾಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ ಒಳಗೆ ನೋಡುವುದು) ಯಾವಾಗ ಎಂದು ಕೇಳಿ. ನೀವು ಬರೆದ ಕ್ರಮ ನೋಡಿ: ಮೊದಲು ರೊಟ್ಟಿ ನಿಲ್ಲಲಿಲ್ಲ, ಆಮೇಲೆ ಮೆತ್ತನೆಯ ಅನ್ನ, ನೀರು ಮಾತ್ರ ಇಳಿಯುತ್ತಿದೆ. ಸಣ್ಣ ಹೊಟ್ಟೆಯ ಚೀಲವನ್ನು ಕರುಳಿಗೆ ಹೊಲಿದ ಬಾಯಿ ಗಾಯ ಮಾಯುವಾಗ ಕುಗ್ಗಿದರೆ ಆಗುವುದು ಹೀಗೆಯೇ. ಬೈಪಾಸ್ ಆದ 4ರಿಂದ 12 ವಾರದ ನಡುವೆ ಇದು ಹೆಚ್ಚು. ಎಂಡೋಸ್ಕೋಪಿಯಲ್ಲಿ ದಾರಿ ಸಣ್ಣದಾಗಿದ್ದು ಕಂಡರೆ ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ ಬಲೂನಿನಿಂದ ಹಿಗ್ಗಿಸುತ್ತಾರೆ, ಮತ್ತೆ ಹೊಟ್ಟೆ ಕೊಯ್ಯುವ ಕೆಲಸವಿಲ್ಲ. ಕೆಲವರಿಗೆ ಎರಡು-ಮೂರು ವಾರ ಬಿಟ್ಟು ಇನ್ನೊಮ್ಮೆ ಮಾಡಬೇಕಾಗುತ್ತದೆ. ಹೊಲಿಗೆಯ ಜಾಗದಲ್ಲಿ ಹುಣ್ಣಾಗಿದ್ದರೂ ಅದರಲ್ಲೇ ಗೊತ್ತಾಗುತ್ತದೆ.

ಅವಸರದ ಊಟ, ದೊಡ್ಡ ತುತ್ತು, ಉಣ್ಣುತ್ತ ನೀರು ಕುಡಿಯುವುದು, ಇವುಗಳಿಂದಲೂ ವಾಂತಿ ಆಗುತ್ತದೆ ನಿಜ. ಆದರೆ ಅದು ಇವತ್ತು ಆಗಿ ನಾಳೆ ಇರುವುದಿಲ್ಲ. ದಿನದಿಂದ ದಿನಕ್ಕೆ ಹೆಚ್ಚುತ್ತ ಹೋಗುವುದು ಬೇರೆ. ಮನೆಯವರು "ನೀ ಗಡಿಬಿಡಿಲೆ ಉಣ್ತೀ" ಅಂತ ಬೈಯುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಬೈಸಿಕೊಂಡವರು ವಾಂತಿಯನ್ನು ಮುಚ್ಚಿಡುತ್ತಾರೆ, ಅದೇ ಅಪಾಯ. ಎಂಡೋಸ್ಕೋಪಿ ಆಗುವವರೆಗೆ ಗಟ್ಟಿ ಪದಾರ್ಥ ಪೂರ್ತಿ ಬಿಟ್ಟು ದ್ರವಕ್ಕೆ ಮರಳಲಿ.

ನೀರೂ ನಿಲ್ಲದಂತಾದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ, ಕೂತಾಗಲೇ ನಾಡಿ 120 ದಾಟಿದರೆ, ಜ್ವರ 100.4 ಮುಟ್ಟಿದರೆ, ಹೊಟ್ಟೆ ಅಥವಾ ಎಡಭುಜ ತಡೆಯಲಾಗದಷ್ಟು ನೋಯುತ್ತಿದ್ದರೆ, ಒಂದು ಕಾಲಿನ ಮೀನಖಂಡ ಬಾತು ನೋಯುತ್ತಿದ್ದರೆ, ಉಸಿರಾಡಲು ಕಷ್ಟವಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. 108 ಕರೆದು ಹೊರಡಿ. ಮತ್ತೆ, ಬೈಪಾಸ್ ಎಂದಷ್ಟೇ ಹೇಳಿದರೆ ಬಹಳ ಮಂದಿ ಹೃದಯದ್ದು ಎಂದುಕೊಳ್ಳುತ್ತಾರೆ. ಹೊಟ್ಟೆ-ಕರುಳಿನ ಬೈಪಾಸ್ ಎಂದು ಒತ್ತಿ ಹೇಳಿ, ಡಿಸ್ಚಾರ್ಜ್ ಕಾರ್ಡ್ ತೋರಿಸಿ.

---

ಗುಳಿಗಿ ಲೆಕ್ಕ (ಫಾರ್ಮಸಿಸ್ಟ್, ಬಾಗಲಕೋಟಿ)

ಮಲಪ್ರಭಾ ಅಕ್ಕಾರು ಹೇಳಿದ್ದು ಮೊದಲು ಮಾಡ್ರಿ. ನಾ ಗುಳಿಗಿ ಮಾತು ಹೇಳ್ತೀನಿ.

ಡೈಕ್ಲೋ ಸೂಜಿ ಬ್ಯಾಡರಿ. ಸೂಜಿ ಮಾಡಿಸಿದ್ರ ಹೊಟ್ಟಿಗೆ ಮುಟ್ಟೂದಿಲ್ಲ ಅಂತ ಮಂದಿ ತಿಳಕೊಂಡಾರ. ಈ ಔಷಧ ಹೊಟ್ಟಿ ಒಳಪದರ ಕಾಯೋ ರಸಾಯನನ ರಕ್ತದಿಂದನ ಬಂದ್ ಮಾಡ್ತೈತಿ. ಗುಳಿಗಿ ಆದ್ರೇನು, ಸೂಜಿ ಆದ್ರೇನು, ಹೊಲಿಗಿ ಜಾಗಾದಾಗ ಹುಣ್ಣು ಏಳೂ ಅಪಾಯ ಇದ್ದ ಇರ್ತೈತಿ. ಡೈಕ್ಲೋಫಿನ್ಯಾಕ್, ಅಸಿಕ್ಲೋಫಿನ್ಯಾಕ್, ಐಬುಪ್ರೊಫೇನ್, ನಿಮೆಸುಲೈಡ್, ನ್ಯಾಪ್ರೋಕ್ಸೆನ್ ಯಾವುದೂ ಬ್ಯಾಡ. ಪ್ಯಾರಾಸಿಟಮಾಲ್ ಜೋಡಿ ಕೂಡಿಸಿದ ಗುಳಿಗಿ ಭಾಳ ಬರ್ತಾವ, ಪಟ್ಟಿ ಹಿಂದಿನ ಹೆಸರು ಓದಿ ತಗೋರಿ. ಬರೇ ಪ್ಯಾರಾಸಿಟಮಾಲ್ 500 ಇಲ್ಲಾ 650 ನಡೀತೈತಿ, ದಿನಕ್ಕ ಒಟ್ಟು 3 ಗ್ರಾಂ ದಾಟಬಾರದು. ತೂಕ ಇಳದಂಗ ಮೊಣಕಾಲು ತಾನ ಹಗುರ ಆಗ್ತೈತಿ. ಮನ್ಯಾಗ ಮಿಶ್ರಿ ತಿಕ್ಕೋ ರೂಢಿ ಇದ್ರ ಅದನ್ನೂ ಬಿಡಸ್ರಿ. ಅದರಾಗೂ ತಂಬಾಕ ಇರೂದು, ನಿಕೋಟಿನ್ ರಕ್ತನಾಳ ಬಿಗಿ ಹಿಡದು ಹುಣ್ಣು ಮಾಯಾಕ ಬಿಡೂದಿಲ್ಲ.

ಸಕ್ಕರಿ ಗುಳಿಗಿದು ಇನ್ನೂ ಜ್ವಾಕಿ. ಹಳೇ ಚೀಟಿ ಪ್ರಕಾರ ಗ್ಲಿಮಿಪಿರೈಡ್ ನುಂಗಾಕತ್ತಿದ್ರ ಇವತ್ತ ಡಾಕ್ಟ್ರನ್ನ ಕೇಳ್ರಿ. ಬೈಪಾಸ್ ಆದ ಮ್ಯಾಲ ಸಕ್ಕರಿ ತೂಕಕ್ಕಿಂತ ಮೊದಲ ಇಳೀತೈತಿ. ಊಟನೂ ಇಲ್ಲ, ವಾಂತಿ ಬ್ಯಾರೆ, ಮ್ಯಾಲ ಗ್ಲಿಮಿಪಿರೈಡ್ ಅಂದ್ರ ಸಕ್ಕರಿ ನೆಲಾ ಮುಟ್ತೈತಿ. ಮೆಟ್‌ಫಾರ್ಮಿನ್ ಹೆಸರಿನ ಮುಂದ ಎಸ್‌ಆರ್, ಎಕ್ಸ್‌ಆರ್ ಅಂತ ಇದ್ರ ಸಾದಾ ಗುಳಿಗಿ ಬರಸ್ಕೋರಿ. ಎಸ್‌ಆರ್ ಗುಳಿಗಿ ತಾಸುಗಟ್ಲೆ ಕರುಳಿನಾಗ ಕರಗ್ಕೋತ ಹೋಗ್ಲಿ ಅಂತ ಮಾಡಿದ್ದು, ಈಗ ಆ ದಾರಿನ ಗಿಡ್ಡ ಆಗೈತಿ. ಬಿಪಿ ಗುಳಿಗಿಯೊಳಗ ನೀರು ತಗಸೋ ಔಷಧ ಕೂಡೈತೇನು ಅದನ್ನೂ ನೋಡ್ರಿ, ಹೆಸರಿನ ಕಡೀಕ ಎಚ್ ಅಂತ ಇರ್ತೈತಿ. ವಾಂತಿ ಇರೂ ದಿನಾ ಅದು ನಡೀಬೇಕೋ ಬ್ಯಾಡೋ ಡಾಕ್ಟ್ರು ಹೇಳ್ಬೇಕು.

ಇನ್ನ ವ್ಯಾಳ್ಯಾ. ತಕರಾರು ಬರೂದು ಮೂರರದ: ಥೈರಾಯ್ಡ್, ಕ್ಯಾಲ್ಸಿಯಂ, ಕಬ್ಬಿಣ. ಕ್ಯಾಲ್ಸಿಯಂ-ಕಬ್ಬಿಣ ಕೂಡಿದ್ರ ಒಂದರ ಹಾದಿಗೆ ಇನ್ನೊಂದು ಅಡ್ಡ, ನಡುವ 2 ತಾಸು ಬಿಡಬೇಕು. ಥೈರಾಯ್ಡ್ ಗುಳಿಗಿಗೆ ಎರಡೂ ಅಡ್ಡ, ಅದಕ್ಕ 4 ತಾಸು. ಮುಂಜಾನೆ 6ಕ್ಕ ಥೈರಾಯ್ಡ್, ಬರೇ ನೀರಿನಾಗ. 7ಕ್ಕ ಪ್ಯಾಂಟೊಪ್ರಜೋಲ್ (ಹೊಟ್ಟಿ ಆಮ್ಲ ಕಮ್ಮಿ ಮಾಡೋ ಗುಳಿಗಿ), ನಾಷ್ಟಾಕ್ಕಿಂತ ಅರ್ಧ ತಾಸು ಮೊದಲು. 10.30ಕ್ಕ ಮೊದಲ ಕ್ಯಾಲ್ಸಿಯಂ. ಮಧ್ಯಾಹ್ನ 1ಕ್ಕ ಊಟದ ಜೋಡಿ ಮಲ್ಟಿವಿಟಮಿನ್, ಅದರಾಗೂ ಕಬ್ಬಿಣ ಇರ್ತೈತಿ ಮರೀಬ್ಯಾಡ್ರಿ. 4ಕ್ಕ ಎರಡನೇ ಕ್ಯಾಲ್ಸಿಯಂ, ಸಂಜಿ 7ಕ್ಕ ಮೂರನೇದು. ರಾತ್ರಿ 9.30ಕ್ಕ ಕಬ್ಬಿಣದ ಗುಳಿಗಿ, ಅರ್ಧ ಲಿಂಬಿಹಣ್ಣಿನ ರಸ ಹಿಂಡಿದ ನೀರಿನಾಗ. ಹಾಲು, ಚಾ ಜೋಡಿ ಕಬ್ಬಿಣ ನುಂಗಿದ್ರ ದಂಡ.

ಕ್ಯಾಲ್ಸಿಯಂ ತಗೊಳ್ಳಾಗ ಕಾರ್ಬೊನೇಟ್ ಬ್ಯಾಡ, ಸಿಟ್ರೇಟ್ ಕೇಳ್ರಿ. ಕಾರ್ಬೊನೇಟ್ ಕರಗಾಕ ಹೊಟ್ಟಿ ಆಮ್ಲ ಬೇಕು. ಸಣ್ಣ ಚೀಲದಾಗ ಅದು ಕಮ್ಮಿ, ಮ್ಯಾಲ ಪ್ಯಾಂಟೊಪ್ರಜೋಲ್ ಬ್ಯಾರೆ ನಡದೈತಿ. ಡಬ್ಬಿ ಮ್ಯಾಲ ಸಿಟ್ರೇಟ್ 1000 ಮಿ.ಗ್ರಾಂ ಅಂತ ದೊಡ್ಡ ಅಕ್ಷರದಾಗ ಇರ್ತೈತಿ, ಅದರಾಗ ನಿಜವಾದ ಕ್ಯಾಲ್ಸಿಯಂ 210 ಅಷ್ಟ. ಎಲಿಮೆಂಟಲ್ ಅಂತ ಸಣ್ಣಕ್ಷರದಾಗ ಬರದದ್ದು ಲೆಕ್ಕಕ್ಕ ಹಿಡೀರಿ. ಊಟ ಗುಳಿಗಿ ಎರಡೂ ಕೂಡಿ ದಿನಕ್ಕ 1200ರಿಂದ 1500 ಆಗ್ಬೇಕು, ಒಂದು ಹೊತ್ತಿಗೆ 500-600ಕ್ಕಿಂತ ಹೆಚ್ಚು ಕರುಳು ಹೀರೂದಿಲ್ಲ. ಅರ್ಧ ಲೀಟರ್ ಹಾಲು-ಮೊಸರು ಇಳದ್ರ ಅದರಾಗ 600 ಸಮೀಪ ಬಂತು, ಉಳದದ್ದು ಗುಳಿಗಿ. ಕಬ್ಬಿಣಕ್ಕೂ ಇದ ಲೆಕ್ಕ. ತಿಂಗಳ ಮುಟ್ಟು ಇರೂ ಹೆಣ್ಣಮಕ್ಕಳಿಗೆ ದಿನಕ್ಕ 45ರಿಂದ 60 ಮಿ.ಗ್ರಾಂ ಎಲಿಮೆಂಟಲ್ ಬೇಕು.

ಬಿ12 ಗುಳಿಗಿ ಆದ್ರ ದಿನಾ 350ರಿಂದ 1000 ಮೈಕ್ರೊಗ್ರಾಂ, ಇಲ್ಲಾ ತಿಂಗಳಿಗೊಂದು 1000ದ ಸೂಜಿ. ಊರಾಗ ಇರೂವ್ರಿಗೆ ಸೂಜಿನ ಚಲೋ, ತಪ್ಪೂದಿಲ್ಲ. ಡಿ3 ದಿನಕ್ಕ 3000 ಯೂನಿಟ್, ರಕ್ತದಾಗ 30 ದಾಟೂ ತನಕ. ಪಿತ್ತಕೋಶ ತಗದಿಲ್ಲಂದ್ರ ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ 300 ದಿನಕ್ಕ ಎರಡು ಸಲ, ಆರು ತಿಂಗಳು. ಗಡಗಡ ತೂಕ ಇಳಿಯೂ ಮುಂದ ಪಿತ್ತದಾಗ ಹರಳಾಗ್ತಾವ, ಅದಕ್ಕ ಇದು. ದೊಡ್ಡ ಗುಳಿಗಿ ಮುರದು ಪುಡಿ ಮಾಡಿ ಕೊಡಬಹುದು, ಆದ್ರ ಪ್ಯಾಂಟೊಪ್ರಜೋಲ್ ಮತ್ತ ಎಸ್‌ಆರ್ ಗುಳಿಗಿ ಮಾತ್ರ ಜಜ್ಜಬಾರದು. ರೊಕ್ಕದ ತ್ರಾಸ ಇದ್ರ ಜನೌಷಧಿ ಅಂಗಡಿಯೊಳಗ ಕೇಳ್ರಿ. ಇವು ಒಂದು ವರ್ಷದ ಗುಳಿಗಿ ಅಲ್ಲ, ವಿಟಮಿನ್ ಜನ್ಮಪೂರ್ತಿ.

---

ಗುಮ್ಮಟ ನಗರಿ (ಆಹಾರ ತಜ್ಞೆ, ವಿಜಯಪುರ)

ತಂಗಿ, ಎಂಡೋಸ್ಕೋಪಿ ಆಗುವವರೆಗಿನ ಊಟ ಬೇರೆ, ಆಮೇಲಿನ ಊಟ ಬೇರೆ. ಎರಡನ್ನೂ ಬರೆಯುತ್ತೇನೆ.

ಈಗ ಗುರಿ ಎರಡೇ: ನೀರು ಒಂದೂವರೆ ಲೀಟರ್, ಪ್ರೋಟೀನ್ 60 ಗ್ರಾಂ. ಬರೀ ಬೇಳೆ ಕಟ್ಟಿನಿಂದ ಪ್ರೋಟೀನ್ ಎಂದೂ ತುಂಬುವುದಿಲ್ಲ, 100 ಮಿ.ಲೀ. ಕಟ್ಟಿನಲ್ಲಿ ಎರಡು-ಮೂರು ಗ್ರಾಂ ಸಿಕ್ಕರೆ ದೊಡ್ಡದು. ಹಾಲನ್ನೇ ದಪ್ಪ ಮಾಡಿ. 150 ಮಿ.ಲೀ. ಕೆನೆ ತೆಗೆದ ಹಾಲಿಗೆ 15 ಗ್ರಾಂ ಕೆನೆರಹಿತ ಹಾಲಿನ ಪುಡಿ ಕದಡಿದರೆ 10 ಗ್ರಾಂ ಪ್ರೋಟೀನ್. ದಿನಕ್ಕೆ ಮೂರು ಸಲ ಕೊಟ್ಟರೆ 30. ವ್ಹೇ ಪುಡಿಯ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಡಬ್ಬಿಯಲ್ಲೇ ಬರುವ ಒಂದು ಅಳತೆ ಚಮಚೆಯಲ್ಲಿ ಸಾಮಾನ್ಯವಾಗಿ 24 ಗ್ರಾಂ ಇರುತ್ತದೆ. ಅದನ್ನು ಎರಡು ಪಾಲು ಮಾಡಿ ಮುಂಜಾನೆ-ಸಂಜೆ ಕೊಡಿ. ಉಳಿದದ್ದು ಮೊಸರು ಕಡೆದ ಮಜ್ಜಿಗೆ, ಸೋಸಿದ ಕಟ್ಟು. ಪುಡಿಯನ್ನು ಕುದಿಯುವ ಹಾಲಿಗೆ ಹಾಕಿದರೆ ಗಂಟಾಗುತ್ತದೆ. ಉಗುರುಬೆಚ್ಚಗಿನದರಲ್ಲಿ ಕದಡಿ, ಸೋಸಿ ಕೊಡಿ. ಹಾಲು ಕುಡಿದ ಮೇಲೆ ಹೊಟ್ಟೆ ಗುಡುಗಿ ಭೇದಿಯಾದರೆ ಹಾಲು ಬಿಟ್ಟು ಮೊಸರಿಗೆ ಬನ್ನಿ.

ನೀರು ಗಟಗಟ ಕುಡಿಯುವ ದಿನ ಹೋದವು. ಔಷಧದ ಬಾಟಲಿಯ ಮುಚ್ಚಳವೋ 30 ಮಿ.ಲೀ.ಯ ಸಣ್ಣ ಬಟ್ಟಲೋ ಇಟ್ಟುಕೊಳ್ಳಿ. ಕಾಲು ಗಂಟೆಗೊಂದು ಬಟ್ಟಲು ಎಂದರೆ ತಾಸಿಗೆ 120, ಎಚ್ಚರವಿರುವ 14 ತಾಸಿನಲ್ಲಿ ಒಂದೂವರೆ ಲೀಟರ್ ದಾಟುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಉಷ್ಣತೆ 40 ದಾಟುತ್ತದೆ, ಆಗ 2 ಲೀಟರ್ ಹತ್ತಿರ ಹೋಗಬೇಕು. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ನೀರು ಸಾಲದು. ಓಆರ್‌ಎಸ್ ಪುಡಿ ಕೊಡಬಹುದು, ಪೂರ್ತಿ ಪೊಟ್ಟಣ ಅದರ ಮೇಲೆ ಬರೆದಷ್ಟು ನೀರಿಗೆ. ಅರ್ಧ ನೀರಿಗೆ ಕಲಸಬೇಡಿ. ಉಪ್ಪು, ಚಿಟಿಕೆ ಜೀರಿಗೆ ಹಾಕಿದ ತಿಳಿ ಮಜ್ಜಿಗೆ ಎಲ್ಲಕ್ಕಿಂತ ಒಳ್ಳೆಯದು.

ಮುಧೋಳದ ಕಡೆ ಅಂದರೆ ಕಬ್ಬಿನ ಹಾಲು ಸುಲಭವಾಗಿ ಸಿಗುತ್ತದೆ. "ಸುಸ್ತಿಗೆ ಛಲೋ" ಎಂದು ಯಾರಾದರೂ ತಂದು ಕೊಟ್ಟಾರು, ಕೊಡಬೇಡಿ. ಒಂದು ಗ್ಲಾಸಿನಲ್ಲಿ 25 ಗ್ರಾಂಗಿಂತ ಹೆಚ್ಚು ಸಕ್ಕರೆ. ಮೊದಲಿನ ಹೊಟ್ಟೆ ಅದನ್ನು ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುತ್ತಿತ್ತು, ಈಗ ಸೀದಾ ಕರುಳಿಗೆ ಸುರಿಯುತ್ತದೆ. ಕರುಳು ರಕ್ತದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಕಾಲು-ಅರ್ಧ ತಾಸಿನಲ್ಲಿ ಎದೆ ಡವಡವ, ಬೆವರು, ಭೇದಿ, ಮಲಗಲೇಬೇಕು ಎನ್ನುವ ಸುಸ್ತು. ಇದು ಡಂಪಿಂಗ್. ಇನ್ನೊಂದು ತರಹದ್ದು ಒಂದರಿಂದ ಮೂರು ತಾಸಿನ ಮೇಲೆ ಬರುತ್ತದೆ: ಇನ್ಸುಲಿನ್ ಬೇಕಾದದ್ದಕ್ಕಿಂತ ಹೆಚ್ಚು ಬಂದು ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಕಣ್ಣು ಕತ್ತಲಾಗುತ್ತದೆ. ಆಗ ಮೀಟರ್‌ನಲ್ಲಿ 70ಕ್ಕಿಂತ ಕಡಿಮೆಯಿದ್ದರೆ ಮೂರು ಸಣ್ಣ ಚಮಚ ಸಕ್ಕರೆ ನೀರಿನಲ್ಲಿ, 15 ನಿಮಿಷಕ್ಕೆ ಮತ್ತೆ ಅಳೆದು, ಸರಿಯಾದ ಕೂಡಲೇ ಹಾಲೋ ಮೊಸರೋ ಕೊಡಬೇಕು. ಬರೀ ಸಕ್ಕರೆ ಕೊಟ್ಟು ಬಿಟ್ಟರೆ ಮತ್ತೆ ಕುಸಿಯುತ್ತದೆ. ಕುಂದಾ, ಅಮೀನಗಡದ ಕರದಂಟು, ಹೋಳಿಗೆ ಎಲ್ಲಕ್ಕೂ ಇದೇ ಮಾತು. ಬೆಲ್ಲದ್ದು ಎಂದು ರಿಯಾಯಿತಿ ಇಲ್ಲ.

ದಾರಿ ಸರಿಹೋದ ಮೇಲೆ ಡಾಕ್ಟರು ಹೇಳಿದ ದಿನದಿಂದ ಮೊದಲು ಸೋಸಿದ್ದು, ಆಮೇಲೆ ಅರೆದದ್ದು, ಆಮೇಲೆ ಮೆತ್ತನೆಯದು ಎಂದು ಮತ್ತೆ ಮೆಟ್ಟಿಲು ಹತ್ತಿ. ಒಂದು ಹೊತ್ತಿಗೆ ನಾಲ್ಕರಿಂದ ಆರು ದೊಡ್ಡ ಚಮಚ, 20-30 ನಿಮಿಷದ ಊಟ, ದಿನಕ್ಕೆ ಐದಾರು ಸಲ. ಉಂಡ ಮೇಲೆ ಅರ್ಧ ತಾಸು ನೀರಿಲ್ಲ. ಬಿಕ್ಕಳಿಕೆ ಬಂತು, ಮೂಗು ಸೋರಿತು, ಎದೆಮೂಳೆಯ ಕೆಳಗೆ ಬಿಗಿಯಾಯಿತು ಎಂದರೆ ಚೀಲ ತುಂಬಿತು ಎಂದರ್ಥ. ಆ ತುತ್ತನ್ನೂ ಉಗುಳಬೇಕು. ಸಿಕ್ಕಿಕೊಂಡದ್ದನ್ನು ಇಳಿಸಲು ಮೇಲೆ ನೀರು ಕುಡಿದರೆ ನೊರೆನೊರೆಯಾಗಿ ವಾಪಸ್ ಬರುತ್ತದೆ. ಎದ್ದು ಮೆಲ್ಲಗೆ ಅಡ್ಡಾಡಲಿ.

ರೊಟ್ಟಿ ಬೇಡವೆಂದು ಯಾರೂ ಹೇಳುವುದಿಲ್ಲ, ಸರದಿ ಮಾತ್ರ ಕಡೆಗೆ. ಜೋಳದ ಹಿಟ್ಟಿಗೆ ಜಿಗುಟಿಲ್ಲ. ಬಾಯಲ್ಲಿ ಪೂರ್ತಿ ನೆನೆಯದಿದ್ದರೆ ಒಣ ಚೂರುಗಳಾಗಿಯೇ ಇಳಿದು ಚೀಲದ ಹೊಲಿದ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಚಪಾತಿಯದು ತಿರುಗಾ ತೊಂದರೆ, ಮುದ್ದೆಯಾಗಿ ಅಂಟುತ್ತದೆ. ನನ್ನ ಅಭಿಪ್ರಾಯದಲ್ಲಿ ಚಪಾತಿಗಿಂತ ನೆನೆಸಿದ ರೊಟ್ಟಿಯೇ ಮೇಲು. ಮೆತ್ತನೆಯ ಊಟ ಎರಡು ವಾರ ತಕರಾರಿಲ್ಲದೆ ನಡೆದ ಮೇಲೆ, ಆಗಷ್ಟೇ ಬಡಿದ ತೆಳು ರೊಟ್ಟಿಯ ಕಾಲು ಭಾಗ ಮುರಿದು ಬಿಸಿ ಬೇಳೆಯಲ್ಲಿ ಹತ್ತು ನಿಮಿಷ ನೆನೆಸಿ, ಹಿಸುಕಿ ಕೊಡಿ. ಅದಕ್ಕೂ ಮೊದಲು ಜೋಳದ ಅಂಬಲಿ, ಆಮೇಲೆ ಮೆತ್ತಗೆ ಬೇಯಿಸಿದ ಜೋಳದ ನುಚ್ಚು ಮಜ್ಜಿಗೆ ಕಲಸಿ. ರುಚಿ ರೊಟ್ಟಿಯದೇ ಬರುತ್ತದೆ, ಅಕ್ಕನಿಗೂ ಸಮಾಧಾನ. ಖಡಕ್ ರೊಟ್ಟಿ ಮೂರು ತಿಂಗಳು ದಾಟಲಿ. ಆಗಲೂ ಒಂದು ಎಚ್ಚರ: ಚೆನ್ನಾಗಿ ಅಗಿದರೆ ಅದು ಸರಾಗ ಇಳಿಯುತ್ತದೆ, ಇಳಿಯಿತೆಂದು ತಿನ್ನುತ್ತ ಹೋದರೆ ಪ್ರೋಟೀನಿಗೆ ಜಾಗ ಇರುವುದಿಲ್ಲ.

ಹಾಗಾಗಿ ತಾಟಿನಲ್ಲಿ ಮೊದಲ ತುತ್ತು ಪ್ರೋಟೀನಿನದು. ಒಂದು ತತ್ತಿಯಲ್ಲಿ 6 ಗ್ರಾಂ, 50 ಗ್ರಾಂ ಪನೀರಿನಲ್ಲಿ 9, 30 ಗ್ರಾಂ ಕಡಲೆಹಿಟ್ಟಿನ ಝುಣಕದಲ್ಲಿ 6. ಝುಣಕವನ್ನು ಗಟ್ಟಿಯಾಗಿ ವಡಿ ಕೊಯ್ಯುವಂತೆ ಮಾಡದೆ ಸಡಿಲವಾಗಿ ಮಾಡಿ, ಎಣ್ಣೆ ಒಂದು ಚಮಚ. ಮಡಕಿ, ಹೆಸರು ಕುಕ್ಕರಿನಲ್ಲಿ ಪೂರ್ತಿ ಬೆಂದು ಹಿಸುಕಿರಬೇಕು, ಹಸಿ ಮೊಳಕೆ ಸದ್ಯಕ್ಕೆ ಬೇಡ. ಎಣ್ಣೆಗಾಯಿ ಮಾಡಿದರೆ ಬದನೆಯ ಸಿಪ್ಪೆ ತೆಗೆದು ತಿರುಳು ಮಾತ್ರ. ರಂಜಕ, ಹಸಿಖಾರ ಎರಡು ತಿಂಗಳು ದೂರ. ಶೇಂಗಾ ಹಿಂಡಿ ಒಂದು ಚಮಚ ಆಮೇಲೆ ನಡೆಯುತ್ತದೆ. ಏಕಾದಶಿ, ಸೋಮವಾರದ ಉಪವಾಸ ಮೊದಲ ವರ್ಷ ಬೇಡ. ನೀರೂ ಬಿಡುವ ವ್ರತ ಎಂದಿಗೂ ಬೇಡ. ಮೂರನೇ ತಿಂಗಳಿಂದ ಕೂದಲು ಉದುರತೊಡಗಿದರೆ ಗಾಬರಿ ಬೇಡ, ಪ್ರೋಟೀನ್, ಕಬ್ಬಿಣ ಸರಿಯಿದ್ದರೆ ಕೆಲ ತಿಂಗಳಲ್ಲಿ ಮತ್ತೆ ಬರುತ್ತದೆ.

---

ಘಟಪ್ರಭಾ ದಂಡಿ

ಅಕ್ಕಾರ, ಅಣ್ಣಾರ, ಭಾಳ ಉಪಕಾರ ಆತು. ಸಕ್ಕರಿ ನೋಡಿದ್ವಿ, 104 ಬಂತು. ಊರ ಡಾಕ್ಟ್ರಿಗೆ ಇದನ್ನ ತೋರಿಸಿದೆ. ಅವ್ರು ಓದಿ, ಮೊದಲು ಥಯಾಮಿನ್ ಕೊಟ್ಟು ಆಮ್ಯಾಲ ಆರ್‌ಎಲ್ ಹಚ್ಚಿದ್ರು, ಡೈಕ್ಲೋ ಬಿಟ್ರು. ಗ್ಲಿಮಿಪಿರೈಡ್ ಆಪರೇಷನ್ ಡಾಕ್ಟ್ರು ಫೋನಿನಾಗ ಬಂದ್ ಮಾಡಿಸಿದ್ರು. ನಾಳೆ ಮುಂಜಾನೆ ಬೆಳಗಾವಿಗೆ ಎಂಡೋಸ್ಕೋಪಿಗೆ ಹೊಂಟೀವಿ. ಎರಡು ಕೇಳೂದು ಉಳೀತು: ಮುಂದ ಊರಾಗ ಏನರ ಆದ್ರ ಯಾವ ಡಾಕ್ಟ್ರಿಗೆ ತೋರಿಸಿದ್ರೂ ತಿಳಿಯೂ ಹಂಗ ಚೀಟಿ ಮ್ಯಾಲ ಏನ ಬರದಿಡಬೇಕು? ಮತ್ತ ಕಬ್ಬಿಣದ ಗುಳಿಗಿಯಿಂದ ಸಂಡಾಸ ಕರ್ರಗ ಆಗೈತಿ, ಅದು ಹುಣ್ಣಿನ ರಕ್ತ ಅಲ್ಲಾ ಅಂತ ಹೆಂಗ ತಿಳೀಬೇಕು?

---

ಮಲಪ್ರಭಾ

ನಿಮ್ಮ ಊರ ಡಾಕ್ಟರು ಕೇಳಿಸಿಕೊಂಡರಲ್ಲ, ಬಹಳ ಒಳ್ಳೆಯದಾಯಿತು. ನಾಳೆ ಹೊರಡುವಾಗ ಖಾಲಿ ಹೊಟ್ಟೆ ಎಷ್ಟು ತಾಸು ಎಂದು ಫೋನ್ ಮಾಡಿಯೇ ಕೇಳಿ. ದಾರಿ ಕುಗ್ಗಿದವರಲ್ಲಿ ಚೀಲದಲ್ಲಿ ಆಹಾರ ಉಳಿದಿರುತ್ತದೆ, ಸಾಮಾನ್ಯಕ್ಕಿಂತ ಹೆಚ್ಚು ಹೊತ್ತು ಹೇಳಬಹುದು.

ಚೀಟಿಯ ಮೇಲೆ ಇಷ್ಟು ಬರೆದು ಪರ್ಸಿನಲ್ಲೂ ಫೋನಿನಲ್ಲೂ ಇಡಿ: ಹೊಟ್ಟೆ-ಕರುಳಿನ ಬೈಪಾಸ್ ಆಗಿದೆ, ಆದ ದಿನಾಂಕ, ಸರ್ಜನ್ ಫೋನ್. ಗ್ಲೂಕೋಸಿಗೆ ಮೊದಲು ಥಯಾಮಿನ್. ಡೈಕ್ಲೋಫಿನ್ಯಾಕ್ ಜಾತಿಯ ನೋವಿನ ಔಷಧ ಬೇಡ. ಮೂಗಿನಿಂದ ಹೊಟ್ಟೆಗೆ ಇಳಿಸುವ ನಳಿಕೆಯನ್ನು ಅಂದಾಜಿನಲ್ಲಿ ತೂರಿಸಬೇಡಿ, ಚೀಲದ ಹೊಲಿಗೆ ಹರಿಯಬಹುದು. ಹೊಟ್ಟೆನೋವು ಬಂದರೆ ಒಳಹರ್ನಿಯಾ ಇರಬಹುದು, ಸಿಟಿ ಸ್ಕ್ಯಾನ್ ಮಾಡಿಸಿ. ಈ ಕಡೆಯದನ್ನು ಬಿಡಬೇಡಿ. ತೂಕ ಇಳಿದಂತೆ ಹೊಟ್ಟೆಯೊಳಗಿನ ಕೊಬ್ಬು ಕರಗಿ, ಕರುಳಿನ ಪದರಗಳ ನಡುವಿನ ಸಂದು ಅಗಲವಾಗುತ್ತದೆ. ಅದರಲ್ಲಿ ಕರುಳು ಜಾರಿ ಸಿಕ್ಕಿಕೊಳ್ಳುವುದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ. ಉಂಡ ಮೇಲೆ ಹೊಕ್ಕುಳ ಸುತ್ತ ಹಿಂಡಿದಂತೆ ನೋವು ಬಂದು ಹೋಗಿ ಮಾಡುತ್ತದೆ, ಬೆನ್ನಿಗೂ ಹೊಡೆಯುತ್ತದೆ. ಗ್ಯಾಸ್ ಎಂದು ಮಾತ್ರೆ ನುಂಗುತ್ತ ಕೂತರೆ ಕರುಳೇ ಕೊಳೆಯುತ್ತದೆ. ಸ್ಕ್ಯಾನಿನಲ್ಲಿ ಕಾಣದಿದ್ದರೂ ನೋವು ಹೋಗದಿದ್ದರೆ ಸರ್ಜನ್ ನೋಡಲೇಬೇಕು.

ರಕ್ತಪರೀಕ್ಷೆ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿನ ಕಬ್ಬಿಣದ ದಾಸ್ತಾನು), ಬಿ12, ಫೋಲೇಟ್, ಡಿ, ಕ್ಯಾಲ್ಸಿಯಂ, ಪಿಟಿಎಚ್ (ಕ್ಯಾಲ್ಸಿಯಂ ಹತೋಟಿಯ ಹಾರ್ಮೋನ್), ಅಲ್ಬುಮಿನ್ (ರಕ್ತದ ಪ್ರೋಟೀನ್), ಎಚ್‌ಬಿಎ1ಸಿ (ಮೂರು ತಿಂಗಳ ಸಕ್ಕರೆಯ ಸರಾಸರಿ). ಥೈರಾಯ್ಡಿನ ಟಿಎಸ್‌ಎಚ್ ಮೊದಲ ವರ್ಷ ಇನ್ನೂ ಬೇಗ ಬೇಗ, ಆರೆಂಟು ವಾರಕ್ಕೊಮ್ಮೆ. ತೂಕ ಇಳಿದಂತೆ ಆ ಗುಳಿಗೆಯ ಡೋಸ್ ಬದಲಾಗುತ್ತದೆ.

---

ಗುಳಿಗಿ ಲೆಕ್ಕ

ಸಂಡಾಸದ ಮಾತಿಗೆ: ಕಬ್ಬಿಣದ್ದು ಹಸರುಮಿಶ್ರ ಕಪ್ಪು ಇರ್ತೈತಿ, ಗಟ್ಟಿ ಇರ್ತೈತಿ, ವಾಸನಿ ಎಂದಿನಂಗ. ರಕ್ತದ್ದು ಡಾಂಬರಿನಂಗ ಹೊಳೀತೈತಿ, ಜಿಗಟ, ನೀರು ಹಾಕಿದ್ರೂ ಲಗೂನ ಹೋಗೂದಿಲ್ಲ, ವಾಸನಿ ಮೂಗಿಗೆ ಬಡೀತೈತಿ. ಜೋಡಿಗೆ ಎದ್ದು ನಿಂತ್ರ ಕಣ್ಣಿಗೆ ಕತ್ತಲಿ ಬರೂದು, ಎದಿ ಡವಡವ ಅನ್ನೂದು ಇದ್ರ ಅದು ಕಬ್ಬಿಣ ಅಲ್ಲ, ಆಗಿಂದಾಗ ದವಾಖಾನಿಗೆ ಹೋಗ್ರಿ. ನಾಳೆ ಎಂಡೋಸ್ಕೋಪಿ ಡಾಕ್ಟ್ರಿಗೆ ಕಬ್ಬಿಣ ನಡದೈತಿ ಅಂತ ಮೊದಲ ಹೇಳ್ರಿ, ಇವತ್ತ ರಾತ್ರಿದು ನುಂಗೂದು ಬ್ಯಾಡ. ಒಳಗ ಕರ್ರಗ ಹತ್ತಿ ಅವ್ರಿಗೆ ನೋಡಾಕ ತ್ರಾಸ ಆಗ್ತೈತಿ.